ಪ್ರಾಗ್ ಕೋಟೆಗೆ ಅರ್ಧ ದಿನ ಮಾತ್ರ ಇದ್ದರೆ ಏನೇನು ನೋಡಬೇಕು?

ಇದು ಒಂದೇ ಅರಮನೆ ಅಂದುಕೊಂಡು ಹೋಗಬೇಡಿ. ಬೆಟ್ಟದ ಮೇಲಿರುವ ಒಂದು ಸಣ್ಣ ಊರಿನ ಹಾಗಿದೆ. ಜೆಕ್ ದೇಶದ ಅಧ್ಯಕ್ಷರ ಕಚೇರಿಯೂ ಇಲ್ಲೇ.

22ನೇ ನಂಬರಿನ ಟ್ರಾಮ್ ಹತ್ತಿದರೆ ಏರು ಹತ್ತುವ ಕಷ್ಟ ತಪ್ಪುತ್ತದೆ. ಅಂಗಳಗಳಲ್ಲಿ ಸುಮ್ನೆ ಓಡಾಡಲು ದುಡ್ಡು ಕೊಡಬೇಕಿಲ್ಲ, ಮುಖ್ಯ ಕಟ್ಟಡಗಳ ಒಳಗೆ ಹೋಗಲು ಟಿಕೆಟ್ ಬೇಕು.

ಮೊದಲು ಸೇಂಟ್ ವೀಟಸ್ ಚರ್ಚಿಗೆ ಹೋಗಿ, ಹೊತ್ತೇರಿದರೆ ಕ್ಯೂ ಜಾಸ್ತಿ. 1344ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1929ರಲ್ಲಿ! ನಮ್ಮ ಮನೆ ಕಟ್ಟುವ ಕೆಲಸ ಆರು ತಿಂಗಳು ತಡವಾದರೆ ಗೊಣಗುತ್ತೇವೆ, ಅಲ್ವಾ? ಒಳಗೆ ಮುಖಾ ಎಂಬ ಕಲಾವಿದ ಚಿತ್ರಿಸಿದ ಬಣ್ಣದ ಗಾಜಿನ ಕಿಟಕಿ ಇದೆ. ಬಿಸಿಲು ಬಿದ್ದಾಗ ನೋಡಬೇಕು.

ನನಗೆ ಹೆಚ್ಚು ಹಿಡಿಸುವುದು ಹಳೆಯ ಅರಮನೆಯ ವ್ಲಾದಿಸ್ಲಾವ್ ಸಭಾಂಗಣ. ಅಷ್ಟು ದೊಡ್ಡ ಕೋಣೆಯ ನಡುವೆ ಒಂದೂ ಕಂಬವಿಲ್ಲ. ಚಾವಣಿಯ ಕಲ್ಲಿನ ಪಟ್ಟಿಗಳು ಬಳ್ಳಿಯ ಹಾಗೆ ಹೆಣೆದುಕೊಂಡಿವೆ. ಇಲ್ಲಿ ಕುದುರೆ ಸವಾರರ ಪಂದ್ಯ ನಡೆಯುತ್ತಿತ್ತು. ಕುದುರೆಗಳು ಹತ್ತಿ ಬರಲೆಂದೇ ಅಗಲವಾದ ಮೆಟ್ಟಿಲು ಕಟ್ಟಿದ್ದಾರೆ. ಪಕ್ಕದ ಕೋಣೆಯ ಕಿಟಕಿಯಿಂದಲೇ 1618ರಲ್ಲಿ ಸಿಟ್ಟಿಗೆದ್ದ ಪ್ರೊಟೆಸ್ಟೆಂಟ್ ಕ್ರೈಸ್ತರು ಕ್ಯಾಥೊಲಿಕ್ ರಾಜನ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಹೊರಗೆ ಎಸೆದರು. ಮೂವರೂ ಬದುಕಿಕೊಂಡರು. ಆದರೆ ಅಲ್ಲಿಂದ ಹತ್ತಿದ ಕಿಡಿ ಯುರೋಪಿನಲ್ಲಿ ಮೂವತ್ತು ವರ್ಷದ ಯುದ್ಧವಾಯಿತು.

ಸೇಂಟ್ ಜಾರ್ಜ್ ಚರ್ಚು ಹತ್ತು ನಿಮಿಷದ ಕೆಲಸ. ಕೊನೆಗೆ ಗೋಲ್ಡನ್ ಲೇನ್: ಕಾವಲುಗಾರರಿಗೆಂದು ಕಟ್ಟಿದ ಪುಟಾಣಿ ಮನೆಗಳ ಸಾಲು. ಹೆಸರಾಂತ ಕತೆಗಾರ ಕಾಫ್ಕಾ 22ನೇ ನಂಬರಿನ ಮನೆಯಲ್ಲಿ ಕೂತು ಬರೆಯುತ್ತಿದ್ದ. ಬಾಗಿಲು ಗಿಡ್ಡ, ತಲೆ ಜೋಪಾನ.