ಬೋರ್ ನೀರಿನ ಕಬ್ಬಿಣ: ಫಿಲ್ಟರ್ ಹಾಕಿ ಆರು ತಿಂಗಳಿಗೇ ಮತ್ತೆ ಕೆಂಪು ನೀರು ಬರುತ್ತಿದೆ, ಮೀಡಿಯಾ ಬದಲಿಸಬೇಕೇ?

ಪುತ್ತೂರು ಕಡೆಯ ಮನೆ, ಲೀಟರಿಗೆ 3 ಮಿಲಿಗ್ರಾಂ ಕಬ್ಬಿಣ, ಓವರ್‌ಹೆಡ್ ಟ್ಯಾಂಕಿನ ಕೆಳಗೆ 13 ಇಂಚು ವ್ಯಾಸದ ಫಿಲ್ಟರ್ ಎಂದು ಬರೆದಿದ್ದೀರಿ. ಮೀಡಿಯಾಕ್ಕೆ, ಅಂದರೆ ಫಿಲ್ಟರಿನೊಳಗಿನ ಮರಳು, ಹರಳುಗಳಿಗೆ, ದುಡ್ಡು ಸುರಿಯಬೇಡಿ, ಸದ್ಯಕ್ಕೆ. ನನ್ನ ಅನುಮಾನ ಬ್ಯಾಕ್‌ವಾಶ್ ಮೇಲೆ, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ ಫಿಲ್ಟರ್ ತೊಳೆಯುವುದರ ಮೇಲೆ.

ಲೆಕ್ಕ ನೋಡಿ. ದಿನಕ್ಕೆ 1000 ಲೀಟರ್ ಬಳಸಿದರೆ 3 ಗ್ರಾಂ ಕಬ್ಬಿಣ, ಅಂದರೆ ಆರು ಗ್ರಾಂನಷ್ಟು ತುಕ್ಕಿನ ಕೆಸರು ದಿನಾ ಫಿಲ್ಟರಿನೊಳಗೆ ಕೂರುತ್ತದೆ. ಅದನ್ನು ಹೊರಗೆ ತಳ್ಳಲು ಮೀಡಿಯಾ ಪೂರ್ತಿ ಮೇಲೆದ್ದು ಕುದಿಯುವಂತೆ ಕದಡಬೇಕು. 13 ಇಂಚಿನ ಫಿಲ್ಟರಿಗೆ ಇದಕ್ಕೆ ನಿಮಿಷಕ್ಕೆ ಸುಮಾರು 35 ಲೀಟರ್ ಬೇಕು. ಬ್ಯಾಕ್‌ವಾಶ್ ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿಯಿರಿ. 35 ಸೆಕೆಂಡಿನಲ್ಲಿ ತುಂಬಬೇಕು. ಹತ್ತಡಿ ಎತ್ತರದ ಟ್ಯಾಂಕಿನಿಂದ ಮುಕ್ಕಾಲಿಂಚು ಪೈಪಿನಲ್ಲಿ ಇಳಿದ ನೀರಿಗೆ ಇದು ಕಷ್ಟ. ಮೇಲಿನ ಕೊಳೆ ಮಾತ್ರ ಹೋಗುತ್ತದೆ, ಒಳಗೆ ಗಟ್ಟಿ ಹೆಂಟೆ ಕಟ್ಟುತ್ತದೆ, ನೀರು ಅದರ ಪಕ್ಕದ ಸಂದಿಯಿಂದ ನುಸುಳಿ ಬರುತ್ತದೆ. ಹೊಸ ಮೀಡಿಯಾ ಹಾಕಿದರೂ ಇದೇ ಕಥೆ.

ಇನ್ನೊಂದು ಪರೀಕ್ಷೆಗೆ ಎರಡು ಪ್ಲಾಸ್ಟಿಕ್ ಬಾಟಲಿ ಸಾಕು. ಬೋರ್ ಚಾಲೂ ಮಾಡಿ ಐದು ನಿಮಿಷ ಬಿಟ್ಟು, ಒಂದನ್ನು ಹೋಲಿಸಿ ನೋಡಲು ಗಾಳಿಯಿಲ್ಲದಂತೆ ಕಂಠಪೂರ್ತಿ ತುಂಬಿ ಮುಚ್ಚಿ. ಇನ್ನೊಂದನ್ನು ಅರ್ಧ ತುಂಬಿ ಚೆನ್ನಾಗಿ ಕುಲುಕಿ. ಅರ್ಧ ತುಂಬಿದ್ದು ಹದಿನೈದು-ಇಪ್ಪತ್ತು ನಿಮಿಷದಲ್ಲಿ ಕೆಂಪಾದರೆ ಕರಗಿದ ಕಬ್ಬಿಣವನ್ನು ತುಕ್ಕಾಗಿಸಲು ಗಾಳಿಯಷ್ಟೇ ಸಾಕು. ಗಂಟೆಗಟ್ಟಲೆ ತಿಳಿಯಾಗಿಯೇ ಇದ್ದರೆ ಪಿಎಚ್ ಕಡಿಮೆ, ಅಂದರೆ ನೀರು ಆಮ್ಲೀಯವಾಗಿದೆ ಎಂದು ಅನುಮಾನಿಸಿ. ಮುರಕಲ್ಲಿನ ನೆಲದಲ್ಲಿ ಇದು ಅಪರೂಪವಲ್ಲ. 6.5ಕ್ಕಿಂತ ಕೆಳಗೆ ಕಬ್ಬಿಣ ತುಕ್ಕಾಗುವುದು ಬಹಳ ನಿಧಾನ, ಕರಗಿದ ಕಬ್ಬಿಣವನ್ನು ಮರಳು ತಡೆಯುವುದಿಲ್ಲ. ಆಗ ಕ್ಯಾಲ್ಸೈಟ್ (ಸುಣ್ಣದ ಕಲ್ಲಿನ) ಹರಳಿನ ಹಾಸು ಬೇಕಾಗುತ್ತದೆ, ಪಿಎಚ್ 7ರ ಮೇಲೆ ತರಬೇಕು.

ನಾನಾದರೆ ಜೋಡಣೆಯ ಕ್ರಮವನ್ನೇ ಬದಲಿಸುತ್ತೇನೆ. ಬೋರ್ ನೀರು ಮೊದಲು 1000 ಲೀಟರಿನ ತೆರೆದ ಟ್ಯಾಂಕಿಗೆ, 3 ಮಿಲಿಮೀಟರ್ ತೂತುಗಳ ಶವರ್ ಪೈಪಿನಿಂದ ಎರಡಡಿ ಮೇಲಿಂದ ಬೀಳಲಿ. ಗಾಳಿ ಸೇರುವುದಲ್ಲದೆ ಇಂಗಾಲದ ಡೈಆಕ್ಸೈಡ್ ಹೋಗಿ ಪಿಎಚ್ ಸ್ವಲ್ಪ ಏರುತ್ತದೆ. ಎರಡು ಗಂಟೆ ತಂಗಲಿ. ಹೊರಪೈಪು ತಳದಿಂದ ಆರಿಂಚು ಮೇಲಿರಲಿ, ತಳದಲ್ಲಿ ಕೆಸರು ಬಿಡಲು ಬೇರೆ ವಾಲ್ವ್. ಅಲ್ಲಿಂದ ಪಂಪಿನಲ್ಲಿ ಫಿಲ್ಟರ್ ದಾಟಿಸಿ ಓವರ್‌ಹೆಡ್‌ಗೆ ಏರಿಸಿ. ಪಂಪಿನ ಒತ್ತಡವೇ ಬ್ಯಾಕ್‌ವಾಶ್‌ಗೂ ಆಗುತ್ತದೆ. ಮಾಮೂಲು ಓಟದಲ್ಲಿ ಮಾತ್ರ ವಾಲ್ವ್ ಹಿಡಿದು ನಿಮಿಷಕ್ಕೆ 17 ಲೀಟರ್ ಮೀರದಂತೆ ನೋಡಿ. ಎರಡು ದಿನಕ್ಕೊಮ್ಮೆ, ನೀರು ತಿಳಿಯಾಗುವ ತನಕ, ಸಾಮಾನ್ಯವಾಗಿ 10-15 ನಿಮಿಷ ಬ್ಯಾಕ್‌ವಾಶ್. ಆಮೇಲೆ ಐದು ನಿಮಿಷ ರಿನ್ಸ್, ಅಂದರೆ ನೀರನ್ನು ಮಾಮೂಲು ದಿಕ್ಕಿನಲ್ಲಿ ಹರಿಸಿ ಹೊರಗೆ ಚೆಲ್ಲುವುದು.

ಫ್ಲಶ್ ಟ್ಯಾಂಕಿನಲ್ಲಿ ಲೋಳೆ ಕಟ್ಟುತ್ತಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಗಾಳಿಗೆ ಬಗ್ಗುವುದಿಲ್ಲ, ಕ್ಲೋರಿನ್ ಬೇಕು. ನಿಮ್ಮ 3 ಮಿಲಿಗ್ರಾಂಗೆ 1000 ಲೀಟರಿಗೆ 8-10 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಸಾಕಾಗುತ್ತದೆ. ಪೊಟ್ಟಣ ಹಳತಾದರೆ ಸತ್ವ ಇರುವುದಿಲ್ಲ. ಒಳಗಿರುವ ಮೀಡಿಯಾ ಬಿರ್ಮ್ (ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಹರಳು) ಆಗಿದ್ದರೆ ಮಾತ್ರ ಕ್ಲೋರಿನ್ ಮುಟ್ಟಿಸಬೇಡಿ, ಅದರ ಲೇಪ ಹಾಳಾಗುತ್ತದೆ.

ಅಂದ ಹಾಗೆ, ಟೈಲ್ಸಿನ ಕೆಂಪು ಕಲೆಗೆ ಬ್ಲೀಚಿಂಗ್ ಹಾಕಿ ಉಜ್ಜಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆಹುಳಿ ಅಥವಾ ಆಕ್ಸಾಲಿಕ್ ಆಸಿಡ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆಕ್ಸಾಲಿಕ್ ವಿಷ, ಕೈಗವಸು ಹಾಕಿಕೊಳ್ಳಿ, ಬ್ಲೀಚಿಂಗ್ ಜೊತೆ ಬೆರೆಸಬೇಡಿ.