ಈಜಿಪ್ಟಿನ ಕಾದಂಬರಿಕಾರ ನಗೀಬ್ ಮಹಫೂಜ್ ಅವರ ಪಾತ್ರ ಅಮೀನಾ ಗಂಡನಿಗೆ ಅಷ್ಟೊಂದು ಹೆದರುವುದೇಕೆ? ಅವಳದು ಬರೀ ಗುಲಾಮಗಿರಿಯೇ?

ಬರೀ ಗುಲಾಮಗಿರಿ ಅಂತ ನನಗೆ ಅನಿಸುವುದಿಲ್ಲ. ಮೂರು ಕಾದಂಬರಿಗಳ ಸರಣಿಯಾದ ಕೈರೋ ತ್ರಿವಳಿಯ ಮೊದಲ ಕಾದಂಬರಿ 'ಬೈನ್ ಅಲ್-ಕಸ್ರೈನ್' (1956) ಶುರುವಾಗುವ ರೀತಿಯನ್ನೇ ನೋಡಿ. ಗಂಡ ಬರುವ ಹೊತ್ತಾಯಿತೆಂದು ಅಮೀನಾ ನಡುರಾತ್ರಿ ತಾನಾಗಿಯೇ ಎಚ್ಚರವಾಗುತ್ತಾಳೆ. ಹದಿನಾಲ್ಕು ತುಂಬುವ ಮೊದಲೇ ಮದುವೆಯಾಗಿ ಆ ದೊಡ್ಡ ಮನೆಗೆ ಬಂದವಳು. ಅತ್ತೆ-ಮಾವ ಬೇಗ ತೀರಿಕೊಂಡರು. ಗಂಡ ಅಹ್ಮದ್ ಅಬ್ದುಲ್ ಜವಾದ್‌ಗೆ ದಿನವೂ ರಾತ್ರಿ ಗೆಳೆಯರು, ಕುಡಿತ, ಹಾಡು. ಒಂಟಿ ಹುಡುಗಿ ದೀಪ ಹಿಡಿದು, ಕುರಾನಿನ ಸಾಲು ಹೇಳಿಕೊಳ್ಳುತ್ತಾ ಕೋಣೆ ಕೋಣೆ ಸುತ್ತಿ, ಕಣ್ಣಿಗೆ ಕಾಣದ ಭೂತಗಳಾದ ಜಿನ್‌ಗಳನ್ನು ದೂರವಿಡಲು ಹೆಣಗುತ್ತಾಳೆ.

ಒಮ್ಮೆ, ತೀರಾ ಮೆತ್ತಗೆ, ರಾತ್ರಿ ಹೊರಗಿರುವುದಕ್ಕೆ ಆಕ್ಷೇಪಿಸಿದಳು. ಅವನು ಕಿವಿ ಹಿಡಿದು, ತಾನು ಗಂಡಸು, ಅಪ್ಪಣೆ ತನ್ನದು, ನಿನ್ನ ಕೆಲಸ ಪಾಲಿಸುವುದಷ್ಟೇ ಎಂದು ಗದರಿದ. ಅಂದು ಅವಳು ಕಲಿತದ್ದು: ಅವನ ಕೋಪದ ಕಣ್ಣಿಗಿಂತ ಜಿನ್‌ಗಳ ಜೊತೆ ಬಾಳುವುದೇ ವಾಸಿ.

ಅವಳ ಮನಸ್ಸಿನ ಗಂಟು ಇಲ್ಲೇ ಇದೆ ಅಂತ ನನ್ನ ನಂಬಿಕೆ. ಅವಳನ್ನು ಕತ್ತಲಲ್ಲಿ ಒಂಟಿಯಾಗಿ ಬಿಟ್ಟುಹೋಗುವವನೂ ಅವನೇ, ಬಂದು ಆ ಭಯ ಮುಗಿಸುವವನೂ ಅವನೇ. ಅವನ ಹೆಜ್ಜೆ ಸದ್ದು ಕೇಳಿದಾಗ ಅವಳಿಗಾಗುವ ನೆಮ್ಮದಿ ನಟನೆಯಲ್ಲ. ವರ್ಷಗಟ್ಟಲೆ ಹೀಗೆ ನಡೆದರೆ ಆ ನೆಮ್ಮದಿಯೇ ಪ್ರೀತಿಯಾಗುತ್ತದೆ, ಕಾಯುವುದೇ ಕರ್ತವ್ಯವಾಗುತ್ತದೆ. ಹೊರಗಿನಿಂದ ನೋಡುವ ನಮಗೆ ಅದು ಶರಣಾಗತಿ. ಅವಳಿಗೆ ಅದು ಬದುಕಿ ಉಳಿಯುವ ದಾರಿ, ಅದರಲ್ಲಿ ಅವಳಿಗೆ ಹೆಮ್ಮೆಯೂ ಇದೆ. ಅಡುಗೆಮನೆಯಲ್ಲಿ ಅವಳೇ ಯಜಮಾನಿ. ಮಾಳಿಗೆಯ ಮೇಲಿನ ಹೂಬಳ್ಳಿ, ಕೋಳಿ, ಪಾರಿವಾಳಗಳ ಪುಟ್ಟ ಲೋಕ ಪೂರ್ತಿ ಅವಳೇ ಕಟ್ಟಿದ್ದು.

ಹಾಗಾದರೆ ಅವಳಿಗೆ ತನ್ನದೇ ಆಸೆ ಇಲ್ಲವೇ? ಒಂದಿದೆ: ಮಾಳಿಗೆಯಿಂದಲೇ ಕಾಣುವ, ಪ್ರವಾದಿಯ ಮೊಮ್ಮಗ ಹುಸೇನರ ಮಸೀದಿಗೆ ಹೋಗಿಬರುವುದು. ಭಕ್ತಿಯ ಹೆಸರಿನಲ್ಲಿ ಮಾತ್ರ ಅವಳು ತನಗೆ ಆಸೆಪಡುವ ಹಕ್ಕು ಕೊಟ್ಟುಕೊಂಡಿದ್ದಾಳೆ. ಗಂಡ ಪೋರ್ಟ್ ಸೈದ್‌ಗೆ ಹೋದಾಗ ಮಕ್ಕಳ ಒತ್ತಾಯಕ್ಕೆ ಕಿರಿಮಗ ಕಮಾಲ್ ಜೊತೆ ಹೋಗುತ್ತಾಳೆ. ವಾಪಸು ಬರುವಾಗ ಮೋಟಾರು ಡಿಕ್ಕಿ ಹೊಡೆದು ಕಾಲರ್ ಮೂಳೆ ಮುರಿಯುತ್ತದೆ. ಗಂಡನ ಎದುರು ಸುಳ್ಳು ಹೇಳಲಾಗದೆ ನಿಜ ಒಪ್ಪಿಕೊಳ್ಳುತ್ತಾಳೆ. ಅವನು ಅವಳು ಗುಣವಾಗುವವರೆಗೂ ಸುಮ್ಮನಿದ್ದು, ಆಮೇಲೆ ತವರಿಗೆ ಅಟ್ಟುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಕ್ರೂರವೆನಿಸಿದ್ದು ಇದೇ. ಏಕೆಂದರೆ ಅಷ್ಟರಲ್ಲಿ ಅವಳು ಕ್ಷಮೆ ಸಿಕ್ಕಿತೆಂದು ನಂಬತೊಡಗಿದ್ದಳು.

'ಸ್ಟಾಕ್‌ಹೋಮ್ ಸಿಂಡ್ರೋಮ್' (ಸೆರೆಹಿಡಿದವನನ್ನೇ ನೆಚ್ಚಿಕೊಳ್ಳುವ ಮನಸ್ಥಿತಿ) ಎಂಬ ಪದ ಇಂಥ ಪಾತ್ರಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ನಾನದನ್ನು ಬಳಸಲಾರೆ. 1917-19ರ ಕೈರೋದಲ್ಲಿ, ಅವಳ ವರ್ಗದ ಹೆಣ್ಣಿಗೆ ಗಂಡನ ಮನೆ ಬಿಟ್ಟರೆ ತವರು, ಅಷ್ಟೇ. ಆಯ್ಕೆಯೇ ಇಲ್ಲದವಳ ಹೊಂದಾಣಿಕೆಯನ್ನು ಕಾಯಿಲೆ ಎನ್ನುವುದು ಅನ್ಯಾಯ.

ಮೊದಲ ಭಾಗವಷ್ಟೇ ಓದಿದ್ದರೆ ಮುಂದಿನ ಎರಡನ್ನೂ ಓದಿ. ಬ್ರಿಟಿಷರ ವಿರುದ್ಧದ 1919ರ ಚಳವಳಿಯಲ್ಲಿ ಮಗ ಫಹ್ಮಿ ಗುಂಡಿಗೆ ಬಲಿಯಾದ ಮೇಲೆ ಅವಳು ಬದಲಾಗುತ್ತಾಳೆ. ಹೊರಗೆ ಹೋಗಲು ಅವಳಿಗೆ ಸ್ವಾತಂತ್ರ್ಯ ಸಿಗುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆ ಮಗನ ಸಾವು. ಮೂರನೆಯ ಕಾದಂಬರಿ 'ಅಲ್-ಸುಕ್ಕರಿಯ್ಯಾ'ದಲ್ಲಂತೂ ಮನೆ ಹಿಡಿದು ಕೂತವನು ಕಾಯಿಲೆಯ ಗಂಡ, ಮಸೀದಿಗಳನ್ನು ಸುತ್ತಿ ಬರುವವಳು ಅಮೀನಾ.