ಹಳೆಯ ಕ್ರೈಮ್ ಕಾಮಿಕ್ಸ್‌ನ ಮಾಯಾಂಗನೆಯರು ಅಷ್ಟೊಂದು ಹಿಡಿಸುವುದೇಕೆ?

ಚೆಲುವು ಒಂದು ಕಾರಣ, ಅಲ್ಲಗಳೆಯುವುದು ಬೇಡ. ಆದರೆ ಬರೀ ಚೆಲುವೆಯರಾಗಿದ್ದರೆ ಇಷ್ಟು ದಶಕ ಯಾರೂ ನೆನಪಿಡುತ್ತಿರಲಿಲ್ಲ. ನನ್ನ ಪ್ರಕಾರ ಅಸಲಿ ಸೆಳೆತ ಇರುವುದು, ಕಥೆಯ ಚುಕ್ಕಾಣಿ ಅವರ ಕೈಗೆ ಸಿಗುವುದರಲ್ಲಿ.

ವಿಲ್ ಐಸ್ನರ್ ಅಮೆರಿಕದ ಭಾನುವಾರದ ಪತ್ರಿಕೆಗಳಿಗೆಂದು 1940ರಲ್ಲಿ ಶುರುಮಾಡಿದ ‘ದಿ ಸ್ಪಿರಿಟ್’ ಎಂಬ ಪತ್ತೇದಾರಿ ಕಾಮಿಕ್ಸ್ ನೋಡಿ. 1946ರಲ್ಲಿ ಬಂದ ಪಿಗೆಲ್ ಮೊದಲ ಪುಟದಲ್ಲೇ ಆರಾಮಾಗಿ ಒರಗಿಕೊಂಡು, ಇದು ಚಿಕ್ಕ ಹುಡುಗರ ಕಥೆಯಲ್ಲ ಎಂದು ನೇರ ಓದುಗನಿಗೇ ಹೇಳುತ್ತಾಳೆ. ಶ್ರೀಮಂತರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗುವ ಆಸಾಮಿ ಇವಳು. 1950ರ ಸ್ಯಾಂಡ್ ಸಾರೆಫ್, ಅಪರಾಧದ ಹಾದಿ ಹಿಡಿದ, ನಾಯಕನ ಬಾಲ್ಯದ ಗೆಳತಿ. ಅಲ್ಲಿ ಅವನ ತೊಳಲಾಟವೇ ಕಥೆ.

ಕ್ಯಾಟ್‌ವುಮನ್ ಇನ್ನೂ ಮಜಾ. 1940ರ ‘ಬ್ಯಾಟ್‌ಮನ್’ ಮೊದಲ ಸಂಚಿಕೆಯಲ್ಲಿ ಮುದುಕಿಯ ವೇಷದಲ್ಲಿ ಹಾರ ಕದಿಯಲು ಬರುತ್ತಾಳೆ. ಸಿಕ್ಕಿಬಿದ್ದರೂ ನೀರಿಗೆ ಹಾರುತ್ತಾಳೆ. ಬ್ಯಾಟ್‌ಮನ್‌ನ ಜೊತೆಗಾರ ಹುಡುಗ ರಾಬಿನ್ ಹಿಡಿಯಲು ಹೋದರೆ ಬ್ಯಾಟ್‌ಮನ್ ಬೇಕಂತಲೇ ಅಡ್ಡ ಬರುತ್ತಾನೆ! ಕಲ್ಲಿನಂಥ ನಾಯಕ ಕರಗುವ ಈ ಗಳಿಗೆಗಾಗಿಯೇ ಓದುಗ ಕಾಯುವುದು. ಡಕಾಯಿತನ ಎದುರು ಅದು ಆಗುವುದಿಲ್ಲ.

ಹಾಗಂತ ಎಲ್ಲರೂ ಇಷ್ಟು ಗಟ್ಟಿ ಪಾತ್ರಗಳಲ್ಲ. ಬಹುಪಾಲು ಮಾಯಾಂಗನೆಯರು, ಗಂಡಸರು ಗಂಡುಹುಡುಗರಿಗಾಗಿ ಬರೆದ ಬೊಂಬೆಗಳೇ. ಅಮೆರಿಕದ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಾವಳಿಯಾದ 1954ರ ಕಾಮಿಕ್ಸ್ ಕೋಡ್, ಅಪರಾಧಿಗಳ ಬಗ್ಗೆ ಸಹಾನುಭೂತಿ ಹುಟ್ಟಿಸಬಾರದು ಎಂದಿತು. ಕ್ಯಾಟ್‌ವುಮನ್ ಆ ವರ್ಷ ಕಾಣೆಯಾದವಳು ಮರಳಿದ್ದು 1966ರಲ್ಲಿ.